ಮಾತ್ರೆ ಕೊಡುವ ಮುಂಚೆ ‘ಕೂಸಿಗೆ ಹಾಲು ಕುಡಿಸಿದ್ರಾ’ ಅಂತ ಕೇಳುವ ಬಳ್ಳಾರಿಯ ಮೆಡಿಕಲ್ ಅಂಗಡಿ

ಬಳ್ಳಾರಿಯ ದೊಡ್ಡಾಸ್ಪತ್ರೆ ಹತ್ತಿರ ಸಾಲಾಗಿ ಮೆಡಿಕಲ್ ಅಂಗಡಿಗಳಿವೆ. ಆಸ್ಪತ್ರೆಯ ಹೆಸರು ಬದಲಾಗಿದ್ದರೂ ನಮ್ಮ ಕಡೆ ಜನ ಇನ್ನೂ ವಿಮ್ಸ್ ಅಂತಲೇ ಕರೆಯುತ್ತಾರೆ. ಆ ಸಾಲಿನಲ್ಲಿ ಎಳನೀರು ಗಾಡಿ ನಿಲ್ಲುವ ಕಡೆ ಒಂದು ಸಣ್ಣ ಅಂಗಡಿ ಇದೆ. ಇಬ್ಬರು ನಿಂತರೆ ಮೂರನೆಯವರು ಬಿಸಿಲಲ್ಲೇ ಕಾಯಬೇಕು. ಗಲ್ಲಾದಲ್ಲಿ ಅಪ್ಪ, ಕೌಂಟರ್‌ನಲ್ಲಿ ಮಗಳು. ಮಗಳು ಎಂ.ಫಾರ್ಮ ಓದಿದವರು. ಹೆಸರು ಹಾಕಿ ಬರೆಯುತ್ತೇನೆ ಅಂದಾಗ ಇಬ್ಬರೂ ಬೇಡ ಅಂದರು. ಅದಕ್ಕೆ ಹೆಸರಿಲ್ಲದೆ ಬರೆಯುತ್ತಿದ್ದೇನೆ. ಹತ್ತು ತಿಂಗಳು ನನ್ನ ಮಗಳ ಔಷಧ ಬಂದದ್ದು ಈ ಅಂಗಡಿಯಿಂದ. ಬರೆಯದೆ ಇರಲು ನನ್ನಿಂದ ಆಗುವುದಿಲ್ಲ.

ನಾನು ಸಿರುಗುಪ್ಪದ ಹತ್ತಿರ ಪ್ರೌಢಶಾಲೆಯಲ್ಲಿ ಗಣಿತದ ಟೀಚರ್. ಮನೆಯವರು ಭತ್ತ ಬೆಳೆಯುತ್ತಾರೆ. ಮಗಳು 35 ವಾರಕ್ಕೇ ಹುಟ್ಟಿದಳು. ತೂಕ 1.9 ಕೆಜಿ. ಹುಟ್ಟಿದಾಗ ಮೈಮೇಲೆ ಒಂದು ಕಲೆಯೂ ಇರಲಿಲ್ಲ. ಎರಡು ವಾರ ಆದಮೇಲೆ ಬಲಗಣ್ಣಿನ ಮೇಲಿನ ರೆಪ್ಪೆಯಲ್ಲಿ ಸೊಳ್ಳೆ ಕಚ್ಚಿದ ಹಾಗೆ ಒಂದು ಕೆಂಪು ಚುಕ್ಕೆ ಕಾಣಿಸಿತು. ನಮ್ಮ ಅತ್ತೆ ‘ಕೆಂಪು ಮಚ್ಚೆ, ಅದೃಷ್ಟದ್ದು’ ಅಂದರು. ಪಕ್ಕದ ಮನೆಯವರು ದೃಷ್ಟಿ ತೆಗೆಸಿ ಅಂದರು. ತೆಗೆಸಿದೆವು. ಆರನೇ ವಾರಕ್ಕೆ ಅದು ಕಡಲೆಕಾಳಿನಷ್ಟಾಯಿತು. ಒಂಬತ್ತನೇ ವಾರಕ್ಕೆ ಅಡಿಕೆಯಷ್ಟು ಊದಿ, ಕಣ್ಣು ಅರ್ಧ ಮುಚ್ಚಿಹೋಯಿತು. ಅತ್ತಾಗ ಅದು ಬಿಗಿದು ಇನ್ನೂ ಕಪ್ಪು ಕೆಂಪಾಗುತ್ತಿತ್ತು. ಅವಳು ಅಳುವುದನ್ನು ನೋಡಲು ನನಗೆ ಭಯವಾಗುತ್ತಿತ್ತು.

ಬಳ್ಳಾರಿಯ ಡಾಕ್ಟರು ನೋಡಿದ ತಕ್ಷಣ ಹೆಸರು ಹೇಳಿದರು. ಹೆಮಾಂಜಿಯೋಮಾ. ರಕ್ತನಾಳದ ಜೀವಕೋಶಗಳೇ ಬೆಳೆದು ಗುಂಪುಗೂಡಿದ ಗಡ್ಡೆ. ಕ್ಯಾನ್ಸರ್ ಅಲ್ಲ. ನೂರು ಮಕ್ಕಳಲ್ಲಿ ನಾಲ್ಕೈದು ಮಕ್ಕಳಿಗೆ ಇದು ಬರುತ್ತದಂತೆ. ಹೆಣ್ಣುಮಕ್ಕಳಿಗೆ, ದಿನ ತುಂಬದೆ ಹುಟ್ಟಿದವರಿಗೆ, ತೂಕ ಕಡಿಮೆ ಇದ್ದವರಿಗೆ ಜಾಸ್ತಿ. ನನ್ನ ಮಗಳಿಗೆ ಮೂರೂ ಇತ್ತು. ಇದು ಮೊದಲ ಮೂರು ತಿಂಗಳು ಓಡಿ ಓಡಿ ಬೆಳೆಯುತ್ತದೆ. ಐದು ತಿಂಗಳ ಹೊತ್ತಿಗೆ ಬೆಳವಣಿಗೆ ಬಹುತೇಕ ಮುಗಿಯುತ್ತದೆ. ಆಮೇಲೆ ನಾಲ್ಕೈದು ವರ್ಷ ತಗೊಂಡು ನಿಧಾನವಾಗಿ ಕರಗುತ್ತದೆ. ಬೆನ್ನ ಮೇಲೋ ತೊಡೆಯ ಮೇಲೋ ಆಗಿದ್ದರೆ ಸುಮ್ನೆ ಕಾಯಬಹುದಿತ್ತು. ಕಣ್ಣಿನ ರೆಪ್ಪೆಯ ಮೇಲೆ ಕಾಯುವಂತಿಲ್ಲ. ಈ ವಯಸ್ಸಿನಲ್ಲಿ ಕಣ್ಣಿಗೆ ಬೆಳಕು ಸರಿಯಾಗಿ ಬೀಳದಿದ್ದರೆ, ಇಲ್ಲವೇ ಗಡ್ಡೆಯ ಭಾರಕ್ಕೆ ಕಣ್ಣುಗುಡ್ಡೆಯ ಆಕಾರ ಸೊಟ್ಟಾದರೆ, ಮಿದುಳು ಆ ಕಣ್ಣನ್ನು ಬಳಸುವುದನ್ನೇ ಬಿಡುತ್ತದೆ. ಆಮೇಲೆ ಗಡ್ಡೆ ಕರಗಿದರೂ ನೋಟ ಬರುವುದು ಕಷ್ಟ. ‘ತಾನಾಗೇ ಹೋಗುತ್ತೆ, ಬಿಡಿ’ ಅಂತ ಮೊದಲು ಒಬ್ಬರು ಹೇಳಿ ಕಳಿಸಿದ್ದರು. ಆ ಮಾತು ಕೇಳಿ ಮೂರು ವಾರ ಕಳೆದಿದ್ದೆವು. ಆ ಮೂರು ವಾರ ಇವತ್ತಿಗೂ ನನ್ನ ಎದೆಯಲ್ಲಿ ಕೂತಿದೆ. ಮಗುವಿನ ಕಣ್ಣು, ಮೂಗು, ತುಟಿ, ಗಂಟಲ ಹತ್ತಿರ ಇಂಥ ಕೆಂಪು ಗಡ್ಡೆ ಕಂಡರೆ ದಯವಿಟ್ಟು ಆ ವಾರವೇ ತೋರಿಸಿ. ಮೈಮೇಲೆ ಐದು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಲಿವರ್‌ನಲ್ಲೂ ಇದೆಯಾ ಅಂತ ಹೊಟ್ಟೆಯ ಸ್ಕ್ಯಾನ್ ಮಾಡಿಸುತ್ತಾರೆ.

ಡಾಕ್ಟರು ಬರೆದುಕೊಟ್ಟ ಔಷಧ ಪ್ರೊಪ್ರನೊಲಾಲ್. ಹೆಸರು ಕೇಳಿ ನಮ್ಮ ಮನೆಯವರು ‘ಇದು ನಮ್ಮಪ್ಪ ಬಿಪಿಗೆ ತಗೋತಿದ್ದ ಮಾತ್ರೆ ಅಲ್ವಾ’ ಅಂದರು. ಹೌದು, ಅದೇ. ಹೃದಯಕ್ಕೆ, ಬಿಪಿಗೆ, ಮೈಗ್ರೇನಿಗೆ ದೊಡ್ಡವರು ನುಂಗುವ ಹಳೇ ಮಾತ್ರೆ. ಜೇಮ್ಸ್ ಬ್ಲಾಕ್ ಅನ್ನುವ ವಿಜ್ಞಾನಿ 1960ರ ದಶಕದಲ್ಲಿ ಇದನ್ನು ತಂದರು. ಅವರಿಗೆ 1988ರಲ್ಲಿ ನೊಬೆಲ್ ಬಂತು. ಹತ್ತು ವಾರದ ಕೂಸಿಗೆ ಆ ಮಾತ್ರೆ! ಚೀಟಿ ಹಿಡಿದು ಆಸ್ಪತ್ರೆಯ ಗೇಟಿನಲ್ಲಿ ನಿಂತಾಗ ನನ್ನ ಕೈ ನಡುಗುತ್ತಿತ್ತು.

ಮೊದಲು ಹೋದ ಅಂಗಡಿಯಲ್ಲಿ ಚೀಟಿ ನೋಡಿ ಸ್ಟ್ರಿಪ್ ಎಸೆದು ದುಡ್ಡು ಕೇಳಿದರು. ಹೇಗೆ ಕೊಡುವುದು ಅಂದರೆ ‘ಡಾಕ್ಟ್ರನ್ನ ಕೇಳಿ’ ಅಂದರು. ನಾನು ಸ್ಟ್ರಿಪ್ ಅಲ್ಲೇ ಬಿಟ್ಟು ಹೊರಗೆ ಬಂದೆ. ಹಾಗೆ ಸಿಕ್ಕಿದ್ದು ಈ ಅಂಗಡಿ.

ಕೌಂಟರ್‌ನಲ್ಲಿದ್ದ ಮಗಳು, ನಾನು ಮೇಡಂ ಅನ್ನುವವರು, ಚೀಟಿ ನೋಡಿದರು. ಮಾತ್ರೆ ತೆಗೆಯಲಿಲ್ಲ. ನನ್ನ ಮುಖ ನೋಡಿ ಮೊದಲು ಕೇಳಿದ್ದು, ‘ಅಕ್ಕಾ, ಕೂಸಿನ ತೂಕ ಎಷ್ಟೈತಿ? ಇವತ್ತಿಂದು ಹೇಳ್ರಿ, ಹೋದ ವಾರದ್ದು ಬ್ಯಾಡ.’ 4 ಕೆಜಿ ಅಂದೆ. ಒಂದು ರಟ್ಟಿನ ತುಂಡು ತಗೊಂಡು ಲೆಕ್ಕ ಬರೆದರು. ಡಾಕ್ಟರು ಮೊದಲ ವಾರಕ್ಕೆ ಬರೆದದ್ದು ದಿನಕ್ಕೆ 4 ಮಿಲಿಗ್ರಾಂ, ಎರಡು ಸಲಕ್ಕೆ ಹಂಚಿ. ಅಂದರೆ ಒಂದು ಸಲಕ್ಕೆ 2 ಮಿಲಿಗ್ರಾಂ. ಮಾತ್ರೆ 10 ಮಿಲಿಗ್ರಾಂದು. ವಿದೇಶದಲ್ಲಿ ಇದೇ ಔಷಧ ಮಕ್ಕಳಿಗೆಂದೇ ಸಿರಪ್ ರೂಪದಲ್ಲಿ ಬರುತ್ತದೆ, 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ನಮಗೆ ಸಿಕ್ಕಿದ್ದು ಮಾತ್ರೆ. ಅದನ್ನು ಪುಡಿ ಮಾಡಿ ನೀರಲ್ಲಿ ಕರಗಿಸಿಯೇ ಕೊಡಬೇಕಿತ್ತು.

ಆಮೇಲೆ ಅವರು ಮಾಡಿದ್ದನ್ನು ನಾನು ಯಾವ ಅಂಗಡಿಯಲ್ಲೂ ನೋಡಿಲ್ಲ. ಕೌಂಟರ್ ಕೆಳಗಿನಿಂದ ಸಣ್ಣ ಸ್ಟೀಲ್ ಲೋಟ ತೆಗೆದರು. ಒಂದು ಮಾತ್ರೆಯನ್ನು ಎರಡು ಚಮಚದ ನಡುವೆ ಇಟ್ಟು ಒತ್ತಿದರು. ‘ಟಕ್’ ಅಂತ ಸದ್ದಾಯಿತು. ಪುಡಿಯನ್ನು ಲೋಟಕ್ಕೆ ಹಾಕಿ, ಸೂಜಿ ಇಲ್ಲದ ಸಿರಿಂಜ್‌ನಿಂದ ಸರಿಯಾಗಿ 10 ಎಂಎಲ್ ಕಾಯಿಸಿ ಆರಿಸಿದ ನೀರು ಬಿಟ್ಟರು. ಚಮಚದಿಂದ ಕಲಕಿದರು. ‘ತಳದಾಗ ಬೆಳ್ಳಗೆ ಪುಡಿ ಕುಂದ್ರತೈತಿ. ಅದು ಮಾತ್ರೆ ಗಟ್ಟಿ ಇರಲಿ ಅಂತ ಹಾಕಿದ್ದು. ಆದರೂ ಎಳೆಯೋಕೆ ಮುಂಚೆ ಪ್ರತಿ ಸಲ ಕಲಕ್ರಿ.’ ಈಗ ಒಂದು ಎಂಎಲ್‌ನಲ್ಲಿ ಒಂದು ಮಿಲಿಗ್ರಾಂ. ಸಿರಿಂಜ್ ಎಳೆದು 2ರ ಗೆರೆಗೆ ತಂದು, ಬೆಳಕಿಗೆ ಹಿಡಿದು ತೋರಿಸಿದರು. ಒಳಗೆ ಒಂದು ಗಾಳಿಗುಳ್ಳೆ ಇತ್ತು. ಬೆರಳಿಂದ ತಟ್ಟಿ ಅದನ್ನು ಮೇಲೆ ತಂದು ಹೊರಗೆ ತಳ್ಳಿದರು. ‘ಆ ಗುಳ್ಳೆನೂ ಜಾಗ ತಿಂತೈತಿ ಅಕ್ಕಾ.’ ಅಪ್ಪನ ಗಲ್ಲಾದಿಂದ ಕೆಂಪು ಮಾರ್ಕರ್ ಇಸಿದುಕೊಂಡು 2ರ ಗೆರೆಯ ಮೇಲೆ ಸುತ್ತ ಒಂದು ಬಳೆ ಬರೆದರು. ರಾತ್ರಿ ನಿದ್ದೆಗಣ್ಣಲ್ಲಿ ಗೆರೆ ಓದಲು ಆಗಲ್ಲ, ಬಳೆ ಕಾಣುತ್ತದೆ ಅಂತ. ಆಮೇಲೆ ಎಲ್ಲ ಚೆಲ್ಲಿ, ನನ್ನ ಕೈಗೆ ಕೊಟ್ಟು, ‘ಈಗ ನೀವು ಮಾಡ್ರಿ’ ಅಂದರು. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಅವರ ಅಪ್ಪ ಆ ನಾಲ್ವರಿಗೂ ‘ಐದು ನಿಮಿಷ, ಕೂಸಿನ ಔಷಧ’ ಅಂತ ಹೇಳಿ ನಿಲ್ಲಿಸಿದರು. ಒಬ್ಬರೂ ಗೊಣಗಲಿಲ್ಲ.

ಕೊನೆಗೆ ಒಂದು ಚೀಟಿ ಬರೆದು ಡಬ್ಬಿಗೆ ಅಂಟಿಸಿದರು. ಅದರಲ್ಲಿ ಇದ್ದದ್ದು ಇಷ್ಟು. ಹಾಲು ಕುಡಿಸುತ್ತಾ ಅಥವಾ ಕುಡಿಸಿದ ಕೂಡಲೇ ಕೊಡಬೇಕು. ಎರಡು ಸಲದ ನಡುವೆ ಕನಿಷ್ಠ 9 ಗಂಟೆ ಇರಬೇಕು. ಕೂಸು ಹಾಲು ಕುಡಿಯದಿದ್ದರೆ, ವಾಂತಿ ಮಾಡುತ್ತಿದ್ದರೆ ಆ ಸಲದ್ದು ಬಿಡಬೇಕು. ಕೊಟ್ಟಮೇಲೆ ಕಕ್ಕಿದರೆ ಮತ್ತೆ ಕೊಡಬಾರದು. ಉಸಿರಲ್ಲಿ ಸೀಟಿ ಸದ್ದು ಬಂದರೆ ನಿಲ್ಲಿಸಿ ಡಾಕ್ಟರ ಹತ್ತಿರ ಓಡಬೇಕು.

‘ಹಾಲು ಮೊದಲು’ ಯಾಕೆ ಅಂತ ಕೇಳಿದೆ. ಹೊಟ್ಟೆ ಹಸಿದಾಗ ಅಡ್ರಿನಾಲಿನ್ ಬಂದು ಲಿವರ್‌ಗೆ ‘ಸಕ್ಕರೆ ಬಿಡು’ ಅನ್ನುತ್ತದೆ. ಈ ಮಾತ್ರೆ ಆ ಮಾತು ಲಿವರ್‌ಗೆ ಮುಟ್ಟಲು ಬಿಡುವುದಿಲ್ಲ. ಸಕ್ಕರೆ ಇಳಿಯುತ್ತದೆ. ಸಾಮಾನ್ಯವಾಗಿ ಸಕ್ಕರೆ ಇಳಿದರೆ ಮೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಮಾತ್ರೆ ಆ ಸೂಚನೆಯನ್ನೂ ಮುಚ್ಚಿಬಿಡುತ್ತದೆ. ಕೂಸು ಸುಮ್ನೆ ಮಲಗಿದೆ ಅಂತ ತಾಯಿ ಅಂದುಕೊಳ್ಳುತ್ತಾಳೆ. ಅದಕ್ಕೇ ಈ ಅಂಗಡಿಯಲ್ಲಿ ನಾನು ಹೋದಾಗಲೆಲ್ಲ ನಮಸ್ಕಾರಕ್ಕಿಂತ ಮೊದಲು ಬರುತ್ತಿದ್ದ ಮಾತು, ‘ಕೂಸಿಗೆ ಹಾಲು ಕುಡಿಸಿದ್ರಾ?’

ಮೊದಲ ಡೋಸ್ ಕೊಟ್ಟದ್ದು ಆಸ್ಪತ್ರೆಯಲ್ಲೇ. ಮುಂಚೆ ಇಸಿಜಿ, ಎಕೋ, ಸಕ್ಕರೆ ಎಲ್ಲ ನೋಡಿದರು. ದಿನ ತುಂಬದ ಕೂಸಾದ್ದರಿಂದ ಎರಡು ರಾತ್ರಿ ಇಟ್ಟುಕೊಂಡು, ಕೊಟ್ಟ ಮೇಲೆ ಎರಡು ಗಂಟೆ ಎದೆಬಡಿತ, ಬಿಪಿ ನೋಡಿದರು.

ಮರುದಿನ ಬೆಳಿಗ್ಗೆ ಆರು ಗಂಟೆ. ವಾರ್ಡಿನ ಕಿಟಕಿಯಿಂದ ಬೆಳಕು ಬಂತು. ನಾನು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ರೆಪ್ಪೆ ನೋಡಿದೆ. ಟೊಮೆಟೊ ಹಣ್ಣಿನ ಕೆಂಪು ಇರಲಿಲ್ಲ. ನೇರಳೆ ಹಣ್ಣಿನ ಬಣ್ಣ ಬಂದಿತ್ತು. ನಡುವೆ ಒಂದು ಕಡೆ ಬೂದು ಬಣ್ಣ. ಬೆರಳ ತುದಿಯಿಂದ ಮುಟ್ಟಿದೆ. ನಿನ್ನೆ ಬಿಗಿದ ರಬ್ಬರ್ ಚೆಂಡಿನಂತಿದ್ದದ್ದು ಇವತ್ತು ನಾದಿದ ಜೋಳದ ಹಿಟ್ಟಿನ ಹಾಗೆ ಒಳಗೆ ಹೋಯಿತು. ಅವಳು ಎದ್ದು ಅತ್ತಳು. ಗಡ್ಡೆ ಊದಲಿಲ್ಲ. ನಾನೂ ಅತ್ತೆ.

ಅಷ್ಟು ಬೇಗ ಯಾಕೆ? ಇದನ್ನು ನನಗೆ ತಾಳ್ಮೆಯಿಂದ ಹೇಳಿಕೊಟ್ಟವರೂ ಈ ಅಂಗಡಿಯ ಮೇಡಂ. ಅಡ್ರಿನಾಲಿನ್‌ಗೆ ರಕ್ತನಾಳದ ಮೇಲೆ ಎರಡು ಕೈ. ಒಂದು ಕೈ ನಾಳವನ್ನು ಬಿಗಿ ಮಾಡುತ್ತದೆ. ಇನ್ನೊಂದು ಕೈ ಸಡಿಲ ಮಾಡುತ್ತದೆ. ಈ ಮಾತ್ರೆ ಸಡಿಲ ಮಾಡುವ ಕೈಯನ್ನು ಹಿಡಿದುಬಿಡುತ್ತದೆ. ಆಗ ಬಿಗಿ ಮಾಡುವ ಕೈ ಗೆಲ್ಲುತ್ತದೆ. ಗಡ್ಡೆಯೊಳಗಿನ ಸಣ್ಣ ನಾಳಗಳು ಕುಗ್ಗುತ್ತವೆ, ರಕ್ತ ಕಡಿಮೆ ಬರುತ್ತದೆ. ಮೊದಲ ಒಂದೆರಡು ದಿನದ ಬಣ್ಣ ಬದಲಾವಣೆಗೆ, ಮೆತ್ತಗಾಗುವುದಕ್ಕೆ ಡಾಕ್ಟರುಗಳು ಕೊಡುವ ಕಾರಣ ಇದು. ಆಮೇಲಿನ ವಾರಗಳಲ್ಲಿ ‘ಹೊಸ ನಾಳ ಬೆಳೆಸು’ ಅನ್ನುವ ಸಂಕೇತಗಳು ಇಳಿಯುತ್ತವೆ. ಇನ್ನೂ ಆಮೇಲೆ ಗಡ್ಡೆಯ ಜೀವಕೋಶಗಳು ತಾವಾಗಿಯೇ ಸಾಯುತ್ತವೆ. ನನ್ನ ಮಗಳ ಕೈಕಾಲು ಮೊದಲ ವಾರ ತಣ್ಣಗಿರುತ್ತಿತ್ತು. ಅದೂ ಇದೇ ಬಿಗಿತದಿಂದಲೇ. ನಮ್ಮ ಬಳ್ಳಾರಿ ಸೆಕೆಯಲ್ಲಿ ಕೂಸಿನ ಪಾದ ತಣ್ಣಗಿದ್ದರೆ ಅಜ್ಜಿಯರಿಗೆ ಎಷ್ಟು ಗಾಬರಿ ಅಂತ ಹೇಳಬೇಕಿಲ್ಲ. ಅತ್ತೆಗೂ ಕಾರಣ ಬಿಡಿಸಿ ಹೇಳಿದರು, ಫೋನಿನಲ್ಲಿ.

ಈ ಔಷಧ ಹೆಮಾಂಜಿಯೋಮಾಗೆ ಬಂದ ಕಥೆಯೂ ಸಣ್ಣದಲ್ಲ. ಫ್ರಾನ್ಸಿನ ಬೋರ್ಡೋ ಊರಿನ ಆಸ್ಪತ್ರೆಯಲ್ಲಿ ಮೂಗಿನ ಮೇಲೆ ಹೆಮಾಂಜಿಯೋಮಾ ಇದ್ದ ಒಂದು ಮಗುವಿಗೆ ಸ್ಟೀರಾಯ್ಡ್ ಕೊಡುತ್ತಿದ್ದರು. ಆ ಮಗುವಿನ ಹೃದಯದ ಸ್ನಾಯು ದಪ್ಪವಾಯಿತು. ಹೃದಯಕ್ಕೆ ಅಂತ ಪ್ರೊಪ್ರನೊಲಾಲ್ ಶುರು ಮಾಡಿದರು. ಮರುದಿನವೇ ಮೂಗಿನ ಗಡ್ಡೆಯ ಬಣ್ಣ ಇಳಿದು ಮೆತ್ತಗಾಯಿತು. ಬೇರೆ ಯಾರಾದರೂ ಆಗಿದ್ದರೆ ಕಾಕತಾಳೀಯ ಅಂತ ಬಿಡುತ್ತಿದ್ದರೋ ಏನೋ. ಡಾ. ಕ್ರಿಸ್ಟೀನ್ ಲೆಯೋತೆ-ಲಾಬ್ರೆಜ್ ಬಿಡಲಿಲ್ಲ. ಬೇರೆ ಮಕ್ಕಳಿಗೂ ಕೊಟ್ಟು ನೋಡಿ, 2008ರಲ್ಲಿ ಪ್ರಕಟಿಸಿದರು. 2015ರಲ್ಲಿ 460 ಕೂಸುಗಳ ಪರೀಕ್ಷೆಯ ಫಲಿತಾಂಶ ಬಂತು. ಸರಿಯಾದ ಪ್ರಮಾಣದಲ್ಲಿ ಆರು ತಿಂಗಳು ಕೊಟ್ಟವರಲ್ಲಿ ನೂರಕ್ಕೆ 60 ಮಕ್ಕಳ ಗಡ್ಡೆ ಪೂರ್ತಿ ಅಥವಾ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಬರೀ ಸಿಹಿನೀರಿನಂಥ ಹುಸಿ ಔಷಧ ಕೊಟ್ಟವರಲ್ಲಿ ನೂರಕ್ಕೆ 4. ವಾರ್ಡಿನಲ್ಲಿ ಅವಳನ್ನು ಮಲಗಿಸಿ ಇದನ್ನು ಮೊಬೈಲಿನಲ್ಲಿ ಓದುವಾಗ, ನೋಡಿದ್ದನ್ನು ನೋಡಿದ ಹಾಗೆ ನಂಬಿದ ಆ ಡಾಕ್ಟರಿಗೆ ಮನಸ್ಸಲ್ಲೇ ಕೈ ಮುಗಿದೆ.

ಈಗ ಈ ಅಂಗಡಿಗೆ ನಾನು ಜೀವನಪೂರ್ತಿ ಋಣಿ ಆಗಿರುವ ದಿನದ ಮಾತು.

ಒಂದು ತಿಂಗಳಾಗಿತ್ತು. ಕೂಸು 5 ಕೆಜಿ ಆಗಿದ್ದಳು. ಆಗ ಡೋಸ್ ದಿನಕ್ಕೆ 10 ಮಿಲಿಗ್ರಾಂ. ಬೆಳಿಗ್ಗೆ 5, ರಾತ್ರಿ 5. ಮಾತ್ರೆ ಮುಗಿಯುತ್ತಾ ಬಂದಿತ್ತು. ಬಳ್ಳಾರಿಗೆ ಹೋಗಲು ಆಗದೆ ನಮ್ಮ ಕಡೆಯ ಒಂದು ಅಂಗಡಿಯಲ್ಲಿ ಕೇಳಿದೆವು. ‘ಅದೇ ಮಾತ್ರೆ, ಕಂಪನಿ ಬೇರೆ’ ಅಂತ ಒಂದು ಸ್ಟ್ರಿಪ್ ಕೊಟ್ಟರು. ಆ ರಾತ್ರಿಗೆ ಹಳೇ ಸ್ಟ್ರಿಪ್‌ನಲ್ಲಿ ಒಂದು ಮಾತ್ರೆ ಉಳಿದಿತ್ತು, ಅದನ್ನೇ ಕೊಟ್ಟೆ. ಮರುದಿನ ತೂಕ ನೋಡಿಸಲು ಬಳ್ಳಾರಿಗೆ ಹೋದೆವು. ಹೊಸ ಸಿರಿಂಜ್ ಬೇಕಿತ್ತು, ಅಂಗಡಿಗೆ ಹೋದೆ. ಮೇಡಂ ಸಿರಿಂಜ್ ಕೊಡುತ್ತಾ, ‘ಮಾತ್ರೆ ಐತಾ? ತೋರಿಸ್ರಿ’ ಅಂದರು. ಬ್ಯಾಗಿನಿಂದ ತೆಗೆದು ಕೊಟ್ಟೆ. ಸ್ಟ್ರಿಪ್ ತಿರುಗಿಸಿ ಬೆಳ್ಳಿಹಾಳೆಯ ಮೇಲಿನ ಸಣ್ಣ ಅಕ್ಷರ ಓದಿದರು. ಅವರ ಮುಖ ಬದಲಾಯಿತು. ಏನೂ ಮಾತಾಡದೆ ಸ್ಟ್ರಿಪ್ ನನ್ನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದರು. 40.

ನಾನು ಗಣಿತದ ಟೀಚರ್. ಲೆಕ್ಕ ನನಗೆ ಬಾಯಲ್ಲಿ ಬರುತ್ತದೆ. ಅದೇ 10 ಎಂಎಲ್ ನೀರು, ಅದೇ 5 ಎಂಎಲ್ ಸಿರಿಂಜ್. ಕೂಸಿನ ಹೊಟ್ಟೆಗೆ 5ರ ಬದಲು 20 ಮಿಲಿಗ್ರಾಂ. ನಾಲ್ಕು ಪಟ್ಟು. ಬೆಳಗಿನ ಡೋಸ್ ಇನ್ನೂ ಕೊಟ್ಟಿರಲಿಲ್ಲ. ಬಸ್ಸಿನಲ್ಲಿ ಹಾಲು ಕುಡಿಯದೆ ಮಲಗಿದ್ದಳು, ಚೀಟಿಯಲ್ಲಿ ಬರೆದಿದ್ದ ಹಾಗೆ ಕಾಯುತ್ತಿದ್ದೆ. ನಾನು ಕೌಂಟರ್ ಹಿಡಿದುಕೊಂಡೆ. ಅವರ ಅಪ್ಪ ಗಲ್ಲಾ ಬಿಟ್ಟು ಬಂದು ಸ್ಟೂಲ್ ಹಾಕಿ ಕೂರಿಸಿದರು, ನೀರು ಕೊಟ್ಟರು. ‘ತಪ್ಪು ನಿಮ್ದಲ್ಲವ್ವಾ. ಕೊಟ್ಟೋರು ನೋಡಬೇಕಿತ್ತು’ ಅಂದರು. ಆ ಸ್ಟ್ರಿಪ್ ಅವರೇ ಇಟ್ಟುಕೊಂಡರು. ಅವತ್ತಿನಿಂದ ನನ್ನ ಮಗಳ ಹೆಸರಲ್ಲಿ ಅಂಗಡಿಯ ನೋಟ್‌ಬುಕ್‌ನಲ್ಲಿ ಒಂದು ಪುಟ ಶುರುವಾಯಿತು. ದಿನಾಂಕ, ತೂಕ, ಎಷ್ಟು ಮಿಲಿಗ್ರಾಂ ಮಾತ್ರೆ, ಎಷ್ಟು ಎಂಎಲ್. ಪ್ರತಿ ಸಲ ಬರೆದು ನನ್ನಿಂದ ಸಹಿ ಹಾಕಿಸಿಕೊಳ್ಳುತ್ತಿದ್ದರು.

ಇದನ್ನು ಓದುವ ತಾಯಂದಿರಿಗೆ ಒಂದು ಮಾತು. ನಾನು ಬರೆದ ಅಳತೆಗಳು ನನ್ನ ಮಗಳ ತೂಕಕ್ಕೆ, ಅವಳ ಡಾಕ್ಟರು ಹಾಕಿದ ಲೆಕ್ಕ. ನಿಮ್ಮ ಕೂಸಿಗೆ ಇದನ್ನು ಹಿಡಿಯಬೇಡಿ. ಸ್ಟ್ರಿಪ್ ಹಿಂದಿನ ಅಂಕಿ ಮಾತ್ರ ಪ್ರತಿ ಸಲ ಓದಿ.

ಇನ್ನೊಂದು ಸಲ ಶೀತ ಆಯಿತು. ಮೂಗು ಕಟ್ಟಿ ಹಾಲು ಎಳೆಯಲು ಆಗುತ್ತಿರಲಿಲ್ಲ. ಮನೆಯವರು ಮೂಗಿಗೆ ಹಾಕುವ ಡ್ರಾಪ್ಸ್ ಕೇಳಿದರು, ದೊಡ್ಡವರು ಹಾಕಿಕೊಳ್ಳುವಂಥದ್ದು, ಆಕ್ಸಿಮೆಟಾಜೋಲಿನ್. ಮೇಡಂ ಕೊಡಲಿಲ್ಲ. ಆ ಹನಿ ಮೂಗು ಬಿಡಿಸುವುದೇ ರಕ್ತನಾಳ ಬಿಗಿ ಮಾಡಿ. ಎಳೆ ಕೂಸಿನ ಮೂಗಿನಿಂದ ಅದು ರಕ್ತಕ್ಕೆ ಸೇರುತ್ತದೆ. ಎದೆಬಡಿತ ನಿಧಾನ ಮಾಡಬಹುದು, ಉಸಿರು ತಗ್ಗಿಸಬಹುದು. ಮೊದಲೇ ಎದೆಬಡಿತ ಇಳಿಸುವ ಮಾತ್ರೆ ಹೊಟ್ಟೆಯಲ್ಲಿದೆ. ಬರೀ ಉಪ್ಪುನೀರಿನ ಹನಿ ಕೊಟ್ಟು, ‘ಉಸಿರು ನೋಡ್ರಿ, ಪಕ್ಕೆ ಒಳಗ ಎಳಿತೈತಾ ನೋಡ್ರಿ, ಇವತ್ತೇ ಡಾಕ್ಟ್ರಿಗೆ ತೋರಿಸ್ರಿ’ ಅಂತ ಕಳಿಸಿದರು. ಡಾಕ್ಟರು ಎರಡು ದಿನ ಮಾತ್ರೆ ನಿಲ್ಲಿಸಿದರು. ಮಾರಿದರೆ ಲಾಭ ಇರುವುದನ್ನು ಮಾರದ ಅಂಗಡಿ ನಮ್ಮ ಕಡೆ ಎಷ್ಟಿವೆ?

ನನ್ನ ಸೋದರಮಾವ ಕಂಪ್ಲಿಯವರು. ಮೂತ್ರದಲ್ಲಿ ರಕ್ತ ಬಂದು, ಸ್ಕ್ಯಾನ್ ಮಾಡಿಸಿದಾಗ ಕಿಡ್ನಿಯಲ್ಲಿ ಗಡ್ಡೆ ಅಂತ ಗೊತ್ತಾಯಿತು. ಕ್ಯಾನ್ಸರ್. ಬೆಂಗಳೂರಿಗೆ ಹೋಗಬೇಕಿತ್ತು. ನನ್ನ ಮಗಳ ಕಣ್ಣು ತೆರೆದದ್ದನ್ನು ನೋಡಿದ್ದರು. ‘ರಕ್ತ ನಿಲ್ಲಿಸಿ ಗಡ್ಡೆ ಒಣಗಿಸೋ ಮಾತ್ರೆ ಐತಲ್ಲ, ನನಗೂ ಕೊಡಿಸು, ಆಪರೇಷನ್ ಬ್ಯಾಡ’ ಅಂತ ಹಠ ಹಿಡಿದರು. ವಾಟ್ಸಾಪಿನಲ್ಲಿ ಯಾರೋ ಹಾಗೇ ಕಳಿಸಿದ್ದರು ಬೇರೆ. ನಾನು ಅವರನ್ನು ಈ ಅಂಗಡಿಗೆ ಕರೆದುಕೊಂಡು ಹೋದೆ. ಮಧ್ಯಾಹ್ನ ಮೂರರ ಹೊತ್ತು, ಗಿರಾಕಿ ಇರಲಿಲ್ಲ.

ಮೇಡಂ ಅವರನ್ನು ಒಳಗೆ ಕೂರಿಸಿದರು. ‘ಯಜಮಾನ್ರೇ, ನೀವು ಕಂಪ್ಲಿಯೋರು. ಡ್ಯಾಂ ಗೇಟು ಕೊಚ್ಚಿ ಹೋಗಿದ್ದು ನೆನಪೈತಾ?’

ನೆನಪಿಲ್ಲದೆ ಏನು! 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಕ್ರಸ್ಟ್ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿ ಹೋಯಿತು. ಆ ವಾರ ನಮ್ಮ ಭಾಗದ ರೈತರು ಯಾರೂ ಸರಿಯಾಗಿ ಊಟ ಮಾಡಿಲ್ಲ. ಡ್ಯಾಂ ತುಂಬಿತ್ತು, ನಮ್ಮ ಭತ್ತದ ನೀರು ಕಣ್ಣೆದುರು ಹರಿದು ಹೋಗುತ್ತಿತ್ತು.

‘33 ಗೇಟಿನಾಗ 32 ಗೇಟು ಮಾತು ಕೇಳ್ತಾವ. ಮುಚ್ಚು ಅಂದ್ರ ಮುಚ್ಚತಾವ. 19ನೇದು ಕೇಳಲ್ಲ, ಅಲ್ಲಿ ಗೇಟೇ ಇಲ್ಲ. ಈಗ ಉಳಿದ 32ನ್ನೂ ಮುಚ್ಚಿದ್ರ ಏನಾಗತೈತಿ?’

ಮಾವ ತಕ್ಷಣ ಹೇಳಿದರು, ‘ಒತ್ತಡ ಎಲ್ಲಾ ಅದರ ಮ್ಯಾಲೇ ಬೀಳತೈತಿ. ಅದಕ್ಕೇ ಅಲ್ಲೇನು ಎಲ್ಲಾ ಗೇಟು ತೆರೆದದ್ದು.’

‘ನಿಮ್ಮ ಗಡ್ಡೆಯ ನಾಳಗಳೂ ಹಂಗೇ.’

ಅಲ್ಲಿಂದ ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ನಮ್ಮ ಒಳ್ಳೆಯ ರಕ್ತನಾಳಗಳ ಗೋಡೆಯಲ್ಲಿ ಸ್ನಾಯು ಇರುತ್ತದೆ. ಅದೇ ಗೇಟು. ಕ್ಯಾನ್ಸರ್ ಗಡ್ಡೆ ಅವಸರದಲ್ಲಿ ಬೆಳೆಸಿಕೊಳ್ಳುವ ನಾಳಗಳು ಸೊಟ್ಟಪಟ್ಟ, ಸೋರುತ್ತವೆ, ಎಷ್ಟೋ ಕಡೆ ಆ ಸ್ನಾಯುವೇ ಇರುವುದಿಲ್ಲ. ನಾಳ ಬಿಗಿ ಮಾಡುವ ಔಷಧ ಕೊಟ್ಟರೆ ಒಳ್ಳೆಯವು ಮಾತು ಕೇಳಿ ಬಿಗಿಯಾಗುತ್ತವೆ, ಇವು ಕೇಳುವುದಿಲ್ಲ. 1960ರ ದಶಕದಲ್ಲಿ ಎಕ್ಸ್‌ರೇ ಡಾಕ್ಟರುಗಳು ಇದನ್ನೇ ಬಳಸಿಕೊಂಡಿದ್ದರು. ಕಿಡ್ನಿಯ ರಕ್ತನಾಳಕ್ಕೆ ಅಡ್ರಿನಾಲಿನ್ ಬಿಟ್ಟು, ಆಮೇಲೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಡುತ್ತಿದ್ದರು. ಒಳ್ಳೆಯ ನಾಳಗಳು ಕುಗ್ಗಿ ಫಿಲಂನಲ್ಲಿ ಮರೆಯಾಗುತ್ತಿದ್ದವು. ಗಡ್ಡೆಯ ನಾಳಗಳು ಹಾಗೇ ಎದ್ದು ಕಾಣುತ್ತಿದ್ದವು. ಜಪಾನಿನ ತೊಹೊಕು ವಿಶ್ವವಿದ್ಯಾಲಯದವರು 1981ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಇಲಿಗಳಿಗೆ ಆಂಜಿಯೋಟೆನ್ಸಿನ್ ಅನ್ನುವ ನಾಳ ಬಿಗಿಸುವ ಔಷಧ ಕೊಟ್ಟು ಬಿಪಿ ಏರಿಸಿದಾಗ, ಗಡ್ಡೆಗೆ ಹರಿಯುವ ರಕ್ತ ಕಡಿಮೆ ಆಗಲಿಲ್ಲ, ಜಾಸ್ತಿ ಆಯಿತು. ಆ ಹೊತ್ತಿಗೇ ಕ್ಯಾನ್ಸರ್ ಔಷಧ ಬಿಟ್ಟರೆ ಅದೂ ಗಡ್ಡೆಗೆ ಜಾಸ್ತಿ ಹೋಗುತ್ತದೆ ಅನ್ನುವುದು ಅವರ ಆಲೋಚನೆ.

ಎಲ್ಲ ಗಡ್ಡೆಯಲ್ಲೂ ಹೀಗೇ ಅಂತಲ್ಲ ಅಂತಲೂ ಹೇಳಿದರು. ಗಡ್ಡೆಗೆ ರಕ್ತ ತರುವ ದೊಡ್ಡ ನಾಳ ದೇಹದ್ದೇ, ಅದಕ್ಕೆ ಗೇಟು ಇದೆ. ಅದು ಬಿಗಿಯಾದರೆ ಹರಿವು ಇಳಿಯಲೂಬಹುದು. ಆದರೆ ಇಳಿದರೆ ಒಳ್ಳೆಯದು ಅಂತ ಅಂದುಕೊಳ್ಳುವ ಹಾಗಿಲ್ಲ. ಕೀಮೋ ಔಷಧ ಗಡ್ಡೆಗೆ ತಲುಪುವುದು ರಕ್ತದಲ್ಲೇ. ರೇಡಿಯೇಷನ್ ಚೆನ್ನಾಗಿ ಕೆಲಸ ಮಾಡಲು ಗಡ್ಡೆಯಲ್ಲಿ ಆಮ್ಲಜನಕ ಇರಬೇಕು, ಅದನ್ನು ತರುವುದೂ ರಕ್ತವೇ. ನೀರು ನಿಲ್ಲಿಸಿದರೆ ಕಳೆ ಸಾಯುತ್ತದೆ ಅಂದುಕೊಂಡರೆ, ಕಳೆನಾಶಕವೂ ಅದೇ ನೀರಲ್ಲಿ ಹೋಗಬೇಕು ಅಲ್ವಾ. ಕಿಡ್ನಿ ಕ್ಯಾನ್ಸರಿಗೆ ಹೊಸ ನಾಳ ಬೆಳೆಯುವುದನ್ನೇ ತಡೆಯುವ ಮಾತ್ರೆಗಳು ಬಂದಿವೆ, ಸುನಿಟಿನಿಬ್ ಥರದ್ದು. ಗಡ್ಡೆ ಬೆಳೆಯಲು ಹೊಸ ನಾಳ ಬೇಕೇ ಬೇಕು ಅಂತ ಅಮೆರಿಕದ ಡಾಕ್ಟರು ಜುಡಾ ಫೋಕ್‌ಮನ್ 1971ರಲ್ಲಿ ಹೇಳಿದ ದಾರಿಯಲ್ಲಿ ಬಂದ ಔಷಧಗಳು ಅವು. ಅವೂ ಬಿಪಿ ಏರಿಸುತ್ತವೆ, ಕ್ಯಾನ್ಸರ್ ಡಾಕ್ಟರು ನೋಡಿಯೇ ಕೊಡಬೇಕು. ‘ಕೂಸಿನ ಗಡ್ಡೆ ಬೇರೆ, ನಿಮ್ಮ ಗಡ್ಡೆ ಬೇರೆ. ಹೆಸರು ಎರಡಕ್ಕೂ ಗಡ್ಡೆ, ಅಷ್ಟೇ. ಈ ಮಾತ್ರೆ ನಂಬಿಕೊಂಡು ತಿಂಗಳು ಕಳೀಬ್ಯಾಡ್ರಿ.’

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ‘19ನೇ ಗೇಟಿಗೂ ಕೊನೆಗೆ ತಜ್ಞರೇ ಬಂದು ಹಲಗೆ ಇಳಿಸಬೇಕಾತು’ ಅಂದು ಎದ್ದರು. ಮರುವಾರ ಬೆಂಗಳೂರಿಗೆ ಹೋದರು. ಆಪರೇಷನ್ ಆಯಿತು. ಈಗ ಮನೆಯಲ್ಲಿದ್ದಾರೆ, ಮೂರು ತಿಂಗಳಿಗೊಮ್ಮೆ ಸ್ಕ್ಯಾನ್. ಆ ಮಧ್ಯಾಹ್ನ ಅಂಗಡಿಯವರು ನಮ್ಮಿಂದ ಒಂದು ರೂಪಾಯಿ ವ್ಯಾಪಾರ ಮಾಡಲಿಲ್ಲ. ಚಹಾ ತರಿಸಿದ್ದೂ ಅವರೇ.

ಕೊರತೆಗಳನ್ನೂ ಬರೆಯಬೇಕು. ಜಾಗ ಬಹಳ ಚಿಕ್ಕದು. ನೆರಳಿಲ್ಲ. ಏಪ್ರಿಲ್ ತಿಂಗಳಲ್ಲಿ ಕೂಸನ್ನು ಎತ್ತಿಕೊಂಡು ಆ ಬಿಸಿಲಲ್ಲಿ ನಿಲ್ಲುವುದು ದೊಡ್ಡ ಕಷ್ಟ, ಒಂದು ತಗಡಿನ ಚಪ್ಪರವಾದರೂ ಹಾಕಿಸಲಿ. ಒಬ್ಬೊಬ್ಬರಿಗೂ ಬಿಡಿಸಿ ಹೇಳುವುದರಿಂದ ಸಂಜೆ ಹೊತ್ತು ಅರ್ಧ ಗಂಟೆ ಕಾಯಬೇಕಾಗುತ್ತದೆ. ಗಾಡಿ ನಿಲ್ಲಿಸಲು ಜಾಗ ಇಲ್ಲ. ಭಾನುವಾರ ಮಧ್ಯಾಹ್ನದ ಮೇಲೆ ಮುಚ್ಚುತ್ತಾರೆ. ಮೇಡಂ ಇಲ್ಲದ ದಿನ ಅವರ ಅಪ್ಪ ಮಕ್ಕಳ ಔಷಧ ಕೊಡುವುದೇ ಇಲ್ಲ, ‘ಮಗಳು ಬರಲಿ’ ಅನ್ನುತ್ತಾರೆ. ಸಿರುಗುಪ್ಪದಿಂದ ಬಂದು ಹಾಗೇ ವಾಪಸ್ ಹೋಗಿದ್ದೇನೆ ಒಂದು ಸಲ. ಆಗ ಸಿಟ್ಟು ಬಂದಿತ್ತು. 40ರ ಸ್ಟ್ರಿಪ್ ನೋಡಿದ ಮೇಲೆ ಆ ಸಿಟ್ಟು ಹೋಯಿತು. ದುಡ್ಡಿನ ಮಾತು ಹೇಳುವುದಾದರೆ, ಒಂದು ಸ್ಟ್ರಿಪ್‌ಗೆ ಆಗುವುದು ಹೆಚ್ಚುಕಡಿಮೆ ಒಂದು ಪ್ಲೇಟ್ ಒಗ್ಗರಣೆ ಮಂಡಕ್ಕಿ ಮಿರ್ಚಿಯ ಬೆಲೆ. ಡಬ್ಬಿ, ಚೀಟಿ, ಕೆಂಪು ಬಳೆ ಬರೆದ ಸಿರಿಂಜ್‌ಗೆ ಅವರು ಬೇರೆ ಏನೂ ಹಿಡಿಯಲಿಲ್ಲ. ಐದಕ್ಕೆ ಐದು ಕೊಡುತ್ತೇನೆ.

ಹೋಗುವವರು ಡಾಕ್ಟರ ಚೀಟಿ, ಆ ದಿನದ ತೂಕ, ಮನೆಯಲ್ಲಿರುವ ಹಳೇ ಸ್ಟ್ರಿಪ್ ಮೂರೂ ತಗೊಂಡು ಹೋಗಿ. ಬೆಳಿಗ್ಗೆ ಹನ್ನೊಂದರೊಳಗೆ ಹೋದರೆ ಬಿಸಿಲೂ ಕಡಿಮೆ, ಜನವೂ ಕಡಿಮೆ.

ಮಗಳಿಗೆ ವರ್ಷ ತುಂಬಿದಾಗ ಡಾಕ್ಟರು ಎರಡು ವಾರದಲ್ಲಿ ನಿಧಾನವಾಗಿ ಇಳಿಸುತ್ತಾ ಮಾತ್ರೆ ನಿಲ್ಲಿಸಿದರು. ಕಣ್ಣಿನ ಡಾಕ್ಟರು ಎರಡೂ ಕಣ್ಣಿನ ನೋಟ ಸಮ ಇದೆ ಅಂದರು. ರೆಪ್ಪೆಯ ಮೇಲೆ ಈಗ ತಿಳಿ ಗುಲಾಬಿ ಬಣ್ಣದ ಒಂದು ನೆರಿಗೆ, ಬಿಸಿಲಿಗೆ ಬಂದರೆ ಮಾತ್ರ ಕಾಣುತ್ತದೆ. ಹೋದ ವಾರ ಅಂಗಡಿಗೆ ಕರೆದುಕೊಂಡು ಹೋಗಿದ್ದೆ, ಔಷಧಕ್ಕಲ್ಲ, ತೋರಿಸಲಿಕ್ಕೆ. ಮೇಡಂ ನೋಟ್‌ಬುಕ್ ತೆಗೆದು ಅವಳ ಪುಟದ ಕೆಳಗೆ ಗೆರೆ ಎಳೆದು ‘ಮುಗಿದಿದೆ’ ಅಂತ ಬರೆದರು. ನಾನು ಸಹಿ ಹಾಕಿದೆ. ಅವಳು ಕೌಂಟರ್ ಮೇಲೆ ಕೂತು ಎರಡೂ ಕಣ್ಣು ಬಿಟ್ಟು ಕೆಂಪು ಮಾರ್ಕರ್ ಕಡೆ ನೋಡಿ ಕೈ ಚಾಚಿದಳು.